ತಳ್ಳಬೇಡಿ ಎಂದದ್ದಕ್ಕೆ

ಗೆಳೆಯರೇ, ಇವತ್ತು ಮಧ್ಯಾಹ್ನ ರಾಣೆಬೆನ್ನೂರು ಬಸ್ ಸ್ಟ್ಯಾಂಡ್ ಎದುರು ಅಣ್ಣ ಬಾಡಿಗೆಗೆ ಓಡಿಸುವ ನಮ್ಮ ಕಾರು ಹೊರಡುವಾಗಲೇ ಟಪ್ ಎಂದು ನಿಂತುಬಿಟ್ಟಿತು.

"ಅಣ್ಣಾ, ಟೈಮಿಂಗ್ ಬೆಲ್ಟ್ ಹರದಿರಬೇಕು. ಚಾಲೂ ಮಾಡಬ್ಯಾಡ," ಎಂದೆ.

"ಬೆಲ್ಟ್ ಅಲ್ಲಲೇ, ಬ್ಯಾಟರಿ. ಹರದ್ರೂ ಏನಾತು? ಹಳೇ ಗಾಡೀದು ಹಲಗೇರಿ ಹತ್ರ ಹರದಿತ್ತಲ್ಲ, ಬ್ಯಾರೇದು ಹಾಕ್ಕೊಂಡು ಮನಿಗೆ ಬಂದ್ವಿ. ಎಲ್ಲಾದಕ್ಕೂ ಅಂಜ್ತಿ ನೀ."

ಹಳೆಯದರ ಇಂಜಿನ್ ಬೇರೆ. ಅದರಲ್ಲಿ ಬೆಲ್ಟ್ ಹರಿದರೂ ಪಿಸ್ಟನ್ನು ವಾಲ್ವಿಗೆ ತಾಗುತ್ತಿರಲಿಲ್ಲ. ಇದರಲ್ಲಿ ಎರಡೂ ಸರದಿಯ ಮೇಲೆ ಒಂದೇ ಜಾಗಕ್ಕೆ ಬರುತ್ತವೆ; ಆ ಸರದಿ ಕಾಯುವುದೇ ಟೈಮಿಂಗ್ ಬೆಲ್ಟ್. ಬೆಲ್ಟ್ ಇಲ್ಲದೆ ಇಂಜಿನ್ ತಿರುಗಿದರೆ ಒಂದಕ್ಕೊಂದು ಬಡಿಯುತ್ತವೆ. ಇದನ್ನು ಕೊಳ್ಳುವಾಗಲೇ ಗ್ಯಾರೇಜಿನ ಮೇಸ್ತ್ರಿ ಹೇಳಿದ್ದ. ಶಾಲೆಯ ಪಾಠ ತಲೆಗೆ ಹತ್ತದ ನನಗೆ ಹೆದರಿಸುವ ಮಾತು ಎಂದೂ ಮರೆಯುವುದಿಲ್ಲ.

ಅಷ್ಟರಲ್ಲಿ ಕರೆಯದೆಯೇ ಆಟೋದವರು ಬಂದು ಕಾರಿನ ಹಿಂದೆ ಕೈ ಹಚ್ಚಿದರು.

"ದಬ್ಬಬ್ಯಾಡ್ರಿ ಯಪ್ಪಾ, ಇಂಜಿನ್ ಹಾಳಾಕ್ಕೇತಿ," ಎಂದೆ.

"ಬಾಜೂ ಸರಿಯೋ ತಮ್ಮಾ. ಮಂದಿ ಸಹಾಯಕ್ಕ ಬಂದ್ರ ಬ್ಯಾಡ ಅಂತಾರೇನು?" ಎಂದು ಒಬ್ಬ ಗದರಿಸಿದ. ಅಣ್ಣ ಸೆಕೆಂಡ್ ಗೇರು ಹಾಕಿದ. ಅವರು ತಳ್ಳಿದರು. ಗಾಲಿಯ ಜೊತೆ ಇಂಜಿನ್ನೂ ತಿರುಗಿ, ಒಳಗೆ ಕಬ್ಬಿಣ ಕಟಕಟ ಎಂದಿತು.

ಸಂಜೆ ಮೇಸ್ತ್ರಿ ಬಿಚ್ಚಿ ನೋಡಿದ. "ಬೆಲ್ಟ್ ಹರದೈತಿ, ವಾಲ್ವ್ ಎಲ್ಲಾ ಡೊಂಕಾಗ್ಯಾವ. ದಬ್ಬದಿದ್ರ ಉಳೀತಿದ್ವೇನೋ," ಎಂದ. ನಮ್ಮ ಮನೆ ನಡೆಯುವುದೇ ಆ ಕಾರಿನಿಂದ. ಇನ್ನೆಷ್ಟು ದಿನ ಶೆಡ್ಡಿನಲ್ಲಿ ನಿಲ್ಲುತ್ತದೋ ತಿಳಿಯದು.

ತಳ್ಳಿದವರಿಗೆಲ್ಲ ಅಣ್ಣ ಕೈಮುಗಿದು, ಚಹಾ ಕುಡಿಸಿ ಕಳಿಸಿದ್ದ. ಬೇಡವೆಂದ ನನ್ನ ಜೊತೆ ಮಾತ್ರ ಮಾತು ಬಿಟ್ಟಿದ್ದಾನೆ.