ಹತ್ತದ ಬಸ್ಸು

ಭದ್ರಾವತಿ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳನ್ನು ಕೂಗಿ ಕೂಗಿ ನಿವೃತ್ತರಾದ ಹಾಲಸ್ವಾಮಿಯವರು ಈಗ ನ್ಯೂ ಟೌನಿನ ಮನೆಯಲ್ಲಿ ಕೂತು ತಮ್ಮ ಮನಸ್ಸಿಗೆ ಬಂದಿದ್ದನ್ನೆಲ್ಲ ಕೂಗುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೆ ಸರಿಸುವುದಿಲ್ಲ. ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡು, "ಪ್ರಯಾಣಿಕರ ಗಮನಕ್ಕೆ, ಸಿಟ್ಟು ಬಂದು ನಿಂತಿದೆ, ಇನ್ನೇನು ಹೊರಡಲಿದೆ" ಎನ್ನುತ್ತಾರೆ. ಪಕ್ಕದ ಮನೆಯವರು ಹೊಸ ಕಾರು ತಂದ ದಿನ ಹೊಟ್ಟೆಕಿಚ್ಚು ಆಯನೂರಿನ ಕೊನೇ ಬಸ್ಸಿನಂತೆ ಹೊರಡಲು ಮನಸ್ಸೇ ಮಾಡದೆ ಊಟದ ಹೊತ್ತಿನವರೆಗೂ ಗುಟುರು ಹಾಕುತ್ತಿತ್ತಂತೆ. ಯಾರಾದರೂ ನಕ್ಕರೆ, "ಅಷ್ಟು ವರ್ಷ ಕೂಗಿದೀನಿ ಮಾರಾಯ, ಕೂಗಿದ ಬಸ್ಸನ್ನೆಲ್ಲ ಹತ್ತಿದ್ನಾ?" ಎಂದು ನೆಮ್ಮದಿಯಾಗಿ ಕೇಳುತ್ತಾರೆ. "ನಿಮ್ಮ ಸ್ಟ್ಯಾಂಡು ಆಮೇಲೆ, ಮೊದಲು ಕಾಯಿ ತುರ್ದು ಕೊಡಿ" ಎಂದು ಹೆಂಡತಿ ವಿಶಾಲಾಕ್ಷಮ್ಮ ಇವತ್ತಿಗೂ ಗೊಣಗುತ್ತಾರೆ. ಹಾಲಸ್ವಾಮಿಯವರೂ ತುರಿಯುತ್ತಾರೆ, ಬೇಸರ ಬಂದು ಹೋಗಿದ್ದನ್ನು ಕೂಗುತ್ತಲೇ. ಹೋದ ಶ್ರಾವಣದಲ್ಲಿ ಮಾತ್ರ, ಶಿವಮೊಗ್ಗದ ಆಸ್ಪತ್ರೆಯಲ್ಲಿ ವಿಶಾಲಾಕ್ಷಮ್ಮನನ್ನು ಹೃದಯದ ಆಪರೇಷನ್ನಿಗೆ ಒಳಗೆ ಕರೆದೊಯ್ಯುವಾಗ, ಆ ದನಿ ಹೊರಡಲಿಲ್ಲ; ಬರೀ ತುಟಿ ಅಲ್ಲಾಡಿತು. ಆಕೆ ಸ್ಟ್ರೆಚರಿನ ಮೇಲಿಂದಲೇ ಗಂಡನ ಕೈ ಹಿಡಿದು, ಗಂಟಲು ಸರಿಮಾಡಿಕೊಂಡು, ಮೆಲ್ಲಗೆ ಕೂಗಿದರು: "ಪ್ರಯಾಣಿಕರ ಗಮನಕ್ಕೆ, ಭಯ ಬಂದು ನಿಂತಿದೆ. ನಿಂತಿರ್ಲಿ ರೀ, ಹತ್ತಬೇಡಿ. ನಾನು ಬರೋತನಕ ಇಲ್ಲೇ ಬೆಂಚಿನ ಮೇಲೆ ಕೂತಿರಿ."