ತೊಂಬತ್ತೈದರ ಗಟ್ಟಿಗಿತ್ತಿ

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಗಟ್ಟಿಗಿತ್ತಿ ಎಂದೇ ಕರೆಯುತ್ತಿದ್ದರು. ಹೋಟೆಲುಗಳ ಹಾಸಿಗೆ ಬಟ್ಟೆ ಯಂತ್ರದಿಂದ ಒದ್ದೆಯಾಗಿ ಹೊರಬಂದಾಗ, ಇಬ್ಬರು ಗಂಡಸರು ಬುಟ್ಟಿಯ ಮುಂದೆ ನಿಂತು "ನೀನು ಆ ಕಡೆ ಹಿಡಿ, ನಾನು ಈ ಕಡೆ" ಎಂದು ಮಾತಾಡಿಕೊಳ್ಳುವಷ್ಟರಲ್ಲಿ ಅವಳು ಅದನ್ನು ಸೊಂಟಕ್ಕೇರಿಸಿಕೊಂಡು ಒಣಗಿಸುವ ಕೋಣೆಗೆ ಮುಟ್ಟಿಸಿಬಿಟ್ಟಿರುತ್ತಿದ್ದಳು.

ಲಾಂಡ್ರಿಯ ಹಿಂದಿನ ಗೋದಾಮಿನಲ್ಲಿ ಮೇಷ್ಟ್ರ ಜಿಮ್ ಇತ್ತು. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಭಾರ ಎತ್ತುವುದನ್ನು ತಾವೇ ಕಲಿತು, ಊರಿಗೂ ಕಲಿಸಿ, ಆ ಹೆಸರನ್ನು ಗಳಿಸಿಕೊಂಡವರು. ಅವರ ಕಬ್ಬಿಣವೆಲ್ಲ ಗುಜರಿಯಿಂದ ಬಂದದ್ದು. ಯಾವುದೋ ದೇಶದಲ್ಲಿ ಮುಚ್ಚಿಹೋದ ಕ್ಲಬ್ಬಿನ ಸಾಮಾನು ಹಡಗು ಹತ್ತಿ ಬಂದು ಗುಜರಿಯವನ ಅಂಗಳದಲ್ಲಿ ತುಕ್ಕು ಹಿಡಿಯುತ್ತಿತ್ತು. ಮೇಷ್ಟ್ರು ಅದನ್ನು ಮನೆಮಗಳ ಹಾಗೆ ಕರೆತಂದು, ಉಜ್ಜಿ, ಎರಡೆರಡು ಸಲ ಕಪ್ಪು ಬಣ್ಣ ಬಳಿದು, ಬಿಲ್ಲೆಗಳ ಮೇಲಿದ್ದ ಅಂಕಿಗಳನ್ನು ಮಾತ್ರ ಬಿಳಿ ಬಣ್ಣದಲ್ಲಿ ತಿದ್ದಿದರು. ನಲವತ್ತೈದು, ಇಪ್ಪತ್ತೈದು, ಹತ್ತು. ಅಂಕಿಗಳ ಪಕ್ಕದಲ್ಲಿ ಎರಡು ಪುಟ್ಟ ಅಕ್ಷರಗಳಿದ್ದವು. ಮಾಡಿದವನ ಇನಿಷಿಯಲ್ ಇರಬೇಕು ಅಂದುಕೊಂಡು ಅವನ್ನು ಬಣ್ಣದಲ್ಲಿ ಮುಳುಗಿಸಿದರು.

ಒಂದು ಸಂಜೆ ಬುಟ್ಟಿ ಹೊತ್ತ ಗಟ್ಟಿಗಿತ್ತಿಯನ್ನು ಕಿಟಕಿಯಿಂದ ನೋಡಿದ ಮೇಷ್ಟ್ರು, ಒಳಗೆ ಕರೆದು ಬಿಲ್ಲೆ ಸಿಕ್ಕಿಸುವ ಉದ್ದನೆಯ ಕಬ್ಬಿಣದ ಬಾರು ತೋರಿಸಿ, "ಒಂದ್ಸಲ ಇದನ್ನ ಎತ್ತಿ ನೋಡಮ್ಮ" ಅಂದರು. ಅವಳು ಎತ್ತಿದಳು. ಅಷ್ಟೇ, ಕಥೆ ಶುರುವಾಯಿತು.

ಮನೆಯಲ್ಲಿ ಅತ್ತೆಗೆ ಇದು ಹಿಡಿಸಲಿಲ್ಲ. "ದಿನವೆಲ್ಲ ಭಾರ ಹೊತ್ತು ಬಂದು, ಸಂಜೆ ಮತ್ತೆ ಭಾರ ಹೊರೋದಂತೆ. ಅದೂ ಬಿಟ್ಟಿಯಾಗಿ!" ಎಂದು ಗೊಣಗಿದರು. ಗಂಡ ಲಾಂಡ್ರಿಯ ಗಾಡಿ ಓಡಿಸುವವನು, ಮಾತು ಕಡಿಮೆ. ಅತ್ತೆ-ಸೊಸೆಯ ನಡುವೆ ಬಾಯಿ ಹಾಕಿ ಕೆಟ್ಟವರನ್ನು ಕಂಡಿದ್ದರಿಂದ ಗಾಡಿ ತೊಳೆಯಲು ಹೊರಟ.

ಕೆಲವೇ ತಿಂಗಳಲ್ಲಿ ಅವಳು ಬಾರಿನ ಎರಡು ತುದಿಗೂ ಇಪ್ಪತ್ತೈದರ ಒಂದೊಂದು ಬಿಲ್ಲೆ ಸಿಕ್ಕಿಸಿ ತಲೆಯ ಮೇಲಕ್ಕೆ ಎತ್ತಿ ನಿಂತಳು. ಬಾರಿನ ಮೇಲೂ ನಲವತ್ತೈದು ಎಂದು ಕೊರೆದಿತ್ತು. ಒಟ್ಟು ತೊಂಬತ್ತೈದು! ಜಿಮ್ಮಿನ ಗಂಡಸರು ಚಪ್ಪಾಳೆ ತಟ್ಟಿದರು. ಅವಳ ಮನಸ್ಸನ್ನು ಮಾತ್ರ ಏನೋ ಕೊರೆಯಿತು. ಲಾಂಡ್ರಿಗೆ ಬರುವ ಸೋಪಿನ ಪುಡಿಯ ಮೂಟೆಯೂ ಇಪ್ಪತ್ತೈದು ಕಿಲೋನೇ. ಅದನ್ನು ಎತ್ತುವಾಗ ಉಸಿರು ಬಿಗಿಯುತ್ತಿತ್ತು, ಈ ಬಿಲ್ಲೆ ಒಂದೇ ಕೈಗೆ ಬರುತ್ತಿತ್ತು.

"ಮೇಷ್ಟ್ರೇ, ಇದು ಹಗುರ ಅನ್ಸಲ್ವಾ?"

"ಕಬ್ಬಿಣ ಅಂದ್ರೆ ಒತ್ತಾದ ವಸ್ತು. ಕೈಗೆ ಒಪ್ಪವಾಗಿ ಕೂರತ್ತೆ. ಮೂಟೆಗೆ ಹಿಡಿ ಎಲ್ಲಿದೆ?" ಅಂದರು ಮೇಷ್ಟ್ರು.

ಉತ್ತರ ಸರಿಯಿಲ್ಲವೆಂದು ಅವಳ ಕೈಗೆ ಗೊತ್ತಿತ್ತು. ಆದರೆ ಕಿವಿಗೆ ಇಂಪಾಗಿತ್ತು. ಮತ್ತೆ ಕೇಳಲಿಲ್ಲ.

ಸುದ್ದಿ ಬೀದಿಗೆ ಹಬ್ಬಿತು. ಹಣ್ಣಿನಂಗಡಿಯವನು ಅವಳ ಫೋಟೋ ಅಂಟಿಸಿಕೊಂಡ. ಬಿಟ್ಟಿ ಭಾರ ಎಂದಿದ್ದ ಅತ್ತೆಯೇ ನೆಂಟರಿಗೆ, "ನನ್ನ ಸೊಸೆ ತೊಂಬತ್ತೈದು ಎತ್ತುತ್ತಾಳೆ. ನಿಮ್ಮ ಮನೆ ಬೀರು ಜರುಗಿಸೋದಿದ್ರೆ ಹೇಳಿ" ಎಂದು ಫೋನು ಮಾಡತೊಡಗಿದರು.

ಮೇಷ್ಟ್ರು ಅವಳನ್ನು ದೊಡ್ಡ ಪಟ್ಟಣದ ಸ್ಪರ್ಧೆಗೆ ಕರೆದೊಯ್ದರು. ಮೊದಲ ಯತ್ನಕ್ಕೆ ಎಷ್ಟು ಎಂದು ಅಲ್ಲಿನವರು ಕೇಳಿದಾಗ, "ಶುರುವಿಗೆ ಸುಲಭದ್ದೇ ಇರ್ಲಿ. ತೊಂಬತ್ತು" ಅಂದರು. ಬರೆದುಕೊಳ್ಳುತ್ತಿದ್ದವನ ಪೆನ್ನು ನಿಂತಿತು. ಕಳೆದ ವರ್ಷ ಗೆದ್ದವಳು ಎತ್ತಿದ್ದು ಎಂಬತ್ತೆರಡು. ಉಳಿದ ಹುಡುಗಿಯರು ಗಟ್ಟಿಗಿತ್ತಿಗೆ ದಾರಿ ಬಿಟ್ಟು ನಿಂತರು. ಒಬ್ಬಳಂತೂ ಬಂದು ಅವಳ ತೋಳು ಮುಟ್ಟಿ ನೋಡಿದಳು.

ಮೈ ಬಿಸಿ ಮಾಡಿಕೊಳ್ಳಲು ಅವಳು ಐವತ್ತು ಹಾಕಿಕೊಂಡಳು. ಬಾರು ಎದೆಯವರೆಗೆ ಬಂದು ವಾಪಸು ಹೋಯಿತು.

"ಮೇಷ್ಟ್ರೇ, ಆಗ್ತಿಲ್ಲ."

"ಬಸ್ಸಲ್ಲಿ ಕೂತು ಕೂತು ಮೈ ಜಡ ಆಗಿದೆ. ಸುಮ್ನೆ ಶಕ್ತಿ ಯಾಕೆ ಹಾಳು ಮಾಡ್ಕೋತೀಯಾ? ಉಳಿಸ್ಕೋ."

ಅವಳು ಉಳಿಸಿಕೊಂಡಳು. ಉಳಿದವರೆಲ್ಲ ತಮ್ಮ ತಮ್ಮ ಭಾರ ಎತ್ತಿ ಮುಗಿಸಿದ ಮೇಲೆ, ದೊಡ್ಡ ಅಂಕಿಯವಳು ಕೊನೆಗೆ ಎಂಬ ನಿಯಮದಂತೆ, ಇಡೀ ಸಭೆ ಉಸಿರು ಹಿಡಿದಿರುವಾಗ ಅವಳನ್ನು ಕರೆದರು. ಮೊದಲ ಸಲ ಬಾರು ಮೊಣಕಾಲು ಮುಟ್ಟಿತು. ಎರಡನೆಯ ಸಲ ನೆಲ ಬಿಡಲಿಲ್ಲ. ಮೂರನೆಯ ಸಲ ಅವಳು ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ಬರುವವರೆಗೆ ಎಳೆದಳು. ಬಾರು ಬಂಡೆಯ ಹಾಗೆ ಕೂತಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ತೀರ್ಪುಗಾರರಲ್ಲೊಬ್ಬ ಹೆಂಗಸು ಅವಳ ಪಕ್ಕ ಬಂದು ಕೂತರು. "ನಿಮ್ಮ ಜಿಮ್ಮಲ್ಲಿರೋ ಬಿಲ್ಲೆ ಮೇಲೆ ಯಾವ ಯಾವ ಅಂಕಿ ಇದೆ?"

ಅವಳು ಹೇಳಿದಳು.

"ನಲವತ್ತೈದಾ? ಕಿಲೋದಲ್ಲಿ ಅಂಥ ಬಿಲ್ಲೆ ಮಾಡಲ್ಲಮ್ಮ. ಅದು ಪೌಂಡು. ಒಂದು ಕಿಲೋ ಅಂದ್ರೆ ಎರಡು ಪೌಂಡಿಗಿಂತ ಸ್ವಲ್ಪ ಜಾಸ್ತಿ. ಪೌಂಡನ್ನ ಅರ್ಧ ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಭಾಗ ಕಳೀರಿ. ಕಿಲೋ ಸಿಗತ್ತೆ."

ಗಟ್ಟಿಗಿತ್ತಿ ಬೆರಳು ಮಡಚಿ ಲೆಕ್ಕ ಹಾಕಿದಳು. ತೊಂಬತ್ತೈದರಲ್ಲಿ ಅರ್ಧ ನಲವತ್ತೇಳೂವರೆ. ಅದರಲ್ಲಿ ಹತ್ತನೇ ಒಂದು ಭಾಗ ಹೋದರೆ, ಹೆಚ್ಚು ಕಡಿಮೆ ನಲವತ್ತಮೂರು.

ಮರಳುವ ಬಸ್ಸಿನಲ್ಲಿ ಅದನ್ನು ಕೇಳಿದ ಮೇಷ್ಟ್ರು ಉರಿದುಬಿದ್ದರು. "ಹೊರಗಿನವರು ಗೆಲ್ಲಬಾರದು ಅಂತ ಕಟ್ಟಿದ ಕಥೆ ಅದು."

ಮಾರನೆಯ ದಿನ ಅವಳು ಇಪ್ಪತ್ತೈದರ ಬಿಲ್ಲೆಯನ್ನು ಲಾಂಡ್ರಿಯ ತೂಕದ ಯಂತ್ರದ ಮೇಲಿಟ್ಟು ಅವರನ್ನು ಕರೆದಳು. ಹನ್ನೊಂದು ಕಿಲೋ, ಮೇಲೆ ಮುನ್ನೂರು ಗ್ರಾಂ ಚಿಲ್ಲರೆ.

"ನಿಮ್ಮ ಲಾಂಡ್ರಿ ತೂಕವನ್ನ ನಿಮ್ಮ ಗಿರಾಕಿಗಳೇ ನಂಬಲ್ಲ, ನಾನು ನಂಬ್ಲಾ?" ಅಂದರು ಮೇಷ್ಟ್ರು. ಆದರೂ ಜೇಬಿನಿಂದ ನಾಣ್ಯ ತೆಗೆದು ಅಂಕಿಯ ಪಕ್ಕ ಕೆರೆದರು. ಕಪ್ಪು ಬಣ್ಣದ ಅಡಿಯಿಂದ ಪೌಂಡಿನ ಗುರುತಾದ ಎಲ್, ಬಿ ಎಂಬ ಎರಡು ಅಕ್ಷರ ಹಲ್ಲು ಕಿಸಿದವು. ಮೇಷ್ಟ್ರು ಬಟ್ಟೆ ಗಂಟಿನ ಮೇಲೆ ಕುಸಿದು ಕೂತರು. ಅವರು ಎತ್ತಿ ಮೆರೆದ ಭಾರ ನೂರಾ ಎಂಬತ್ತೈದು. ಈಗದು ಎಂಬತ್ತನಾಲ್ಕು. ಕೂತ ಕೂತಲ್ಲೇ ಒಬ್ಬ ಮನುಷ್ಯ ನೂರು ಕಿಲೋ ಕಳೆದುಕೊಳ್ಳುವುದನ್ನು ಅವಳು ಕಣ್ಣಾರೆ ಕಂಡಳು.

ಜಿಮ್ಮಿನಲ್ಲಿ ಸಭೆ ಸೇರಿತು. ಅಂಕಿಗಳನ್ನು ಕಿಲೋಗೆ ತಿದ್ದೋಣ ಎಂದಳು ಗಟ್ಟಿಗಿತ್ತಿ. "ಕಮ್ಮಿ ಆಗೋದು ಅಂಕಿ ಅಷ್ಟೇ. ನಾವು ಎತ್ತಿದ ಭಾರ ಎಲ್ಲೂ ಹೋಗಲ್ಲ."

ಜಿಮ್ಮಿಗೆ ಬರುತ್ತಿದ್ದ ಇನ್ಶೂರೆನ್ಸ್ ಏಜೆಂಟ್ ಒಬ್ಬ ಎದ್ದು ನಿಂತ. "ಹೇಳೋದು ಸುಲಭ ಅಕ್ಕ. ನೂರು ಎತ್ತುತ್ತೀನಿ ಅಂತ ಹೆಂಡ್ತಿಗೆ ಹೇಳಿದ್ದೀನಿ. ಈಗ ನಲವತ್ತೈದು ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಉಳಿದವರಿಗೂ ಹೆಂಡತಿಯರಿದ್ದರು. ಕೈ ಎತ್ತಿಸಿ ನೋಡಿದಾಗ, ಹಳೆಯ ಅಂಕಿ ಹಾಗೇ ಇರಲಿ, ಅಕ್ಷರಕ್ಕೆ ಮತ್ತೆ ಬಣ್ಣ ಬಳಿಯೋಣ ಎಂದು ತೀರ್ಮಾನವಾಯಿತು. ಅಂದು ಅವರೆಲ್ಲ ಸಲೀಸಾಗಿ ಮೇಲಕ್ಕೆತ್ತಿದ್ದು ಕೈಯೊಂದನ್ನೇ. ಮೇಷ್ಟ್ರು ಮಾತ್ರ ಕೈ ಎತ್ತಲಿಲ್ಲ. ಬಣ್ಣದ ಡಬ್ಬಿಯನ್ನೂ ಮುಟ್ಟಲಿಲ್ಲ.

ಗಟ್ಟಿಗಿತ್ತಿ ಸೀಮೆಸುಣ್ಣದಲ್ಲಿ ತನ್ನ ಲೆಕ್ಕ ತಾನೇ ಬರೆದುಕೊಂಡು ನಲವತ್ತಮೂರರಿಂದ ಹತ್ತತೊಡಗಿದಳು. ಮೇಷ್ಟ್ರು ಎದುರು ಕೂತು, ಮೊದಲ ಬಾರಿಗೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರು. ಅದು ಗೊತ್ತಿದ್ದ ಆ ಮಹಿಳಾ ತೀರ್ಪುಗಾರರಿಗೆ ಫೋನು ಮಾಡಿ ಕೇಳಿ ಬಂದರು. ಮುಂದಿನ ವರ್ಷ ಅದೇ ಪಟ್ಟಣದಲ್ಲಿ ಅವಳು ಅರವತ್ತು ಕಿಲೋ ಎತ್ತಿ ಆರನೆಯವಳಾದಳು. ಕೆಳಗಿಟ್ಟ ಬಾರು ನೆಲ ನಡುಗಿಸಿದಾಗ ಅವಳಿಗೆ ಆದ ಸಂತೋಷ, ತೊಂಬತ್ತೈದರ ದಿನ ಆಗಿರಲಿಲ್ಲ.

ಆದರೆ ಬೀದಿಗೆ ಭಾಗಾಕಾರ ಬರಬೇಕಲ್ಲ! ಹಣ್ಣಿನಂಗಡಿಯವನು ಫೋಟೋ ಇಳಿಸಿದ. "ಪಾಪ, ತೊಂಬತ್ತೈದು ಎತ್ತುತ್ತಿದ್ದವಳು ಅರವತ್ತಕ್ಕೆ ಬಂದ್ಬಿಟ್ಟಳು. ಸರಿಯಾಗಿ ಊಟ ಹಾಕಲ್ಲ ಅಂತ ಕಾಣತ್ತೆ" ಎಂದು ಅತ್ತೆಯ ಎದುರೇ ಅಂದ.

ಅತ್ತೆ ಸೆರಗು ಬಿಗಿದರು. "ಏನಯ್ಯಾ ಗೊತ್ತು ನಿನಗೆ? ಆ ತೊಂಬತ್ತೈದು ಮನೆ ಲೆಕ್ಕ, ಈ ಅರವತ್ತು ಸರ್ಕಾರಿ ಲೆಕ್ಕ!"

ಪೌಂಡು, ಕಿಲೋ ಎಂದು ಸೊಸೆ ವಾರಗಟ್ಟಲೆ ವಿವರಿಸಿದ್ದರಲ್ಲಿ ಅತ್ತೆಗೆ ದಕ್ಕಿದ್ದು ಇಷ್ಟು. ಪಕ್ಕದಲ್ಲಿದ್ದ ಗಟ್ಟಿಗಿತ್ತಿ ತಿದ್ದಲು ಹೋಗಲಿಲ್ಲ.