ಹೂಂ ಅಂದನೋ, ಊಹೂಂ ಅಂದನೋ

ನನ್ನ ಅತ್ತೆಗೆ ಬಲಗಿವಿ ಪೂರ್ತಿ ಮಂದ. ಟಿವಿ ಮುಂದೆ ಕೂತರೆ ಎಡಗಿವಿಯನ್ನು ಅದಕ್ಕೆ ಒಪ್ಪಿಸಿ ಮುಖವನ್ನು ಪಕ್ಕದ ಗೋಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಮದುವೆಯಾಗಿ ಹೊಳಲಿಗೆ ಬಂದ ಹೊಸದರಲ್ಲಿ ನಾನು, ಇವರು ಗೋಡೆ ನೋಡುತ್ತಾರೆಂದೇ ತಿಳಿದಿದ್ದೆ. ಅವರು ಕೇಳುತ್ತಿದ್ದದ್ದು ಧಾರಾವಾಹಿಯಲ್ಲ, ಲೋಕಸಭೆಯ ಕಲಾಪ. ಹಿಂದಿಯೂ ಬಾರದು, ಇಂಗ್ಲಿಷೂ ಬಾರದು. ಆಗಾಗ ನನ್ನತ್ತ ತಿರುಗಿ, “ನಮ್ಮೋನು ಎಲ್ಲಾರ ಕಂಡ್ನೇನಮ್ಮ?” ಎನ್ನುವರು.

ನಮ್ಮೋನು ಎಂದರೆ ನಮ್ಮ ಎಂಪಿ. ಯಾವ ಪಕ್ಷ, ಯಾವ ಅವಧಿ ಎನ್ನುವುದು ಇಲ್ಲಿ ಬೇಡ. ಮನೆಯವರೆಲ್ಲ ಒಂದು ಕಡೆ ಓಟು ಹಾಕಿದಾಗ ಅತ್ತೆಯೊಬ್ಬರೇ ಆತನಿಗೆ ಹಾಕಿದ್ದರು. ಹಾಕಿದ್ದನ್ನು ಹಟ್ಟಿ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿಯೂ ಇದ್ದರು.

ಆ ಮಾತು ಅವರ ತಮ್ಮನಿಗೆ ಚುಚ್ಚಿತ್ತು. ಮಳವಳ್ಳಿಯಲ್ಲಿರುವ ಆ ಮಾವ ಒಂದು ಭಾನುವಾರ ಊಟಕ್ಕೆ ಬಂದಿದ್ದರು. ರೈತರಿಗೆ ಸಂಬಂಧಪಟ್ಟ ಯಾವುದೋ ಮಸೂದೆ ಆ ವಾರವಷ್ಟೇ ಪಾಸಾಗಿತ್ತು.

“ನಿನ್ ಎಂಪಿ ನಮ್ ಕತ್ತು ಕುಯ್ದ ಕಣಕ್ಕ. ಹೂಂ ಅಂದ್ಬುಟ್ಟವ್ನೆ ಅದ್ಕೆ.”

“ನೀನು ಕಂಡ್ಯೇನ್ಲಾ?”

“ಕಾಣದೇನು? ನಿನ್ನಂಥೋರು ಕಳ್ಸಿದ್ರಲ್ಲ, ಅಂದೇ ಅಂದಿರ್ತಾನೆ.”

“ನನ್ ಓಟು, ನನ್ ಇಷ್ಟ. ಉಣ್ಣು ಸುಮ್ನೆ.”

ಮಾವ ಮುದ್ದೆ ಮುರಿಯದೆ ಎಲೆ ಬಿಟ್ಟು ಎದ್ದು ಹೋದರು. ಆಮೇಲೆ ಹಬ್ಬ ಬಂತು, ನನ್ನ ಮಗಳ ನಾಮಕರಣ ಬಂತು, ಅವರು ಬರಲಿಲ್ಲ. ಒಂದು ಸಂಜೆ ಅತ್ತೆ ನನ್ನ ಕೈಗೆ ಫೋನು ಕೊಟ್ಟು, “ನೀನು ಕಾಲೇಜ್ನಲ್ಲಿ ಪಾಠ ಮಾಡೋಳು. ನಮ್ಮೋನು ಅವತ್ತು ಏನಂದ ಅಂತ ನೋಡೇಳಮ್ಮ” ಅಂದರು.

ನಾನು ಮಂಡ್ಯದಲ್ಲಿ ಕಲಿಸುವುದು ರಸಾಯನಶಾಸ್ತ್ರ. ಆದರೂ ಹುಡುಕಿದೆ. ಆತ ಸದನಕ್ಕೆ ಬಂದ ದಿನಗಳ ಲೆಕ್ಕ ಸಿಕ್ಕಿತು. ಕೇಳಿದ ಪ್ರಶ್ನೆಗಳು ಸಿಕ್ಕವು, ಹೆದ್ದಾರಿಯ ಕೆಳಸೇತುವೆಯದ್ದೊಂದು, ರೈಲು ನಿಲುಗಡೆಯದ್ದೊಂದು.

“ಅದ್ಕೆ ಏನಂದ್ರಂತೆ?”

“ಮಾಹಿತಿ ಸಂಗ್ರಹಿಸ್ತಾ ಇದೀವಿ ಅಂದಿದ್ದಾರೆ ಅತ್ತೆ.”

“ಅದು ಉತ್ತರವೇನಮ್ಮ?”

ಮಸೂದೆಯ ದಿನದ್ದು ಮಾತ್ರ ಸಿಗಲಿಲ್ಲ. ಅದು ಧ್ವನಿಮತದಿಂದ ಪಾಸಾಗಿತ್ತು. ಒಪ್ಪಿದವರು ಒಟ್ಟಿಗೆ ಹೌದು ಎನ್ನುತ್ತಾರೆ, ಒಪ್ಪದವರು ಒಟ್ಟಿಗೆ ಇಲ್ಲ ಎನ್ನುತ್ತಾರೆ, ಯಾರು ಏನಂದರೆಂದು ಹೆಸರು ಹಿಡಿದು ಬರೆಯುವುದಿಲ್ಲ ಎಂದು ವಿವರಿಸಿದೆ. ಅತ್ತೆ ತಮ್ಮ ಎಡಗೈ ಬೆರಳನ್ನು ನನ್ನ ಮುಂದೆ ಹಿಡಿದರು.

“ನಾವು ಓಟಾಕಕ್ಕೋದ್ರೆ ಹೆಸ್ರು ನೋಡಿ, ಮುಖ ನೋಡಿ, ಬೆರಳಿಗೆ ಮಸಿ ಹಚ್ತಾರೆ. ಅಲ್ಲಿ ಗುಂಪಲ್ಲಿ ಕೂಗಿದ್ರೆ ಸಾಕಾ?”

ನನಗೂ ಗಲಿಬಿಲಿಯಾಯಿತು. ನಾನು ತಪ್ಪು ತಿಳಿದುಕೊಂಡಿದ್ದೇನೋ ಎಂದು ಮತ್ತೊಮ್ಮೆ ಓದಿದೆ. ಇದ್ದದ್ದೇ ಅಷ್ಟು.

ಸ್ವಲ್ಪ ದಿನಕ್ಕೆ ಗೆಜ್ಜಲಗೆರೆ ಹತ್ತಿರದ ಛತ್ರದಲ್ಲಿ ಮದ್ದೂರಿನ ನೆಂಟರ ಮದುವೆ. ಹೆಣ್ಣುಗಂಡಿಗೆ ಅಕ್ಷತೆ ಹಾಕುವ ಸಾಲಿನಲ್ಲಿ ನಾವು ನಿಂತಿದ್ದಾಗ ಎಂಪಿ ಬಂದರು. ಜನ ಫೋಟೋಗೆ ಮುಗಿಬಿದ್ದರು. ನಾನು ನೋಡನೋಡುತ್ತಿದ್ದಂತೆ ಅತ್ತೆ ಸಾಲು ಬಿಟ್ಟು ಹೋಗಿ ಆತನ ಕೈ ಹಿಡಿದುಕೊಂಡರು.

“ಅವತ್ತು ನೀನು ಹೂಂ ಅಂದ್ಯೋ, ಊಹೂಂ ಅಂದ್ಯೋ, ಅದೊಂದು ಏಳ್ಬುಡಪ್ಪ.”

ಜೊತೆಗಿದ್ದವನೊಬ್ಬ ಅವರನ್ನು ಸರಿಸಲು ಬಂದ. ಎಂಪಿ ಅವನನ್ನು ತಡೆದು, ಯಾವ ಮಸೂದೆ ಎಂದು ಕೇಳಿಕೊಂಡು, ಸ್ವಲ್ಪ ಯೋಚಿಸಿದರು. ಆಮೇಲೆ ಬಗ್ಗಿ ಅತ್ತೆಯ ಕಿವಿಯಲ್ಲಿ ಏನೋ ಹೇಳಿದರು. ವಾಲಗದ ಅಬ್ಬರದಲ್ಲಿ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಅತ್ತೆ ಗಂಭೀರವಾಗಿ ತಲೆಯಾಡಿಸಿದರು. ಎಂಪಿ ಕೈಮುಗಿದು ಮುಂದೆ ಹೋದರು.

ಬಸ್ಸಿನಲ್ಲಿ ಕೇಳಿದೆ. “ಏನಂದ್ರು ಅತ್ತೆ?”

“ಬಲಗಿವಿಗೆ ಏಳ್ದ ಕಣಮ್ಮ. ಗಾಳಿ ಊದ್ದಂಗಾಯ್ತು ಅಷ್ಟೇಯ.”

“ಮತ್ತೆ ತಲೆ ಆಡಿಸಿದ್ರಲ್ಲ!”

“ಅಷ್ಟು ಜನ ನೋಡ್ತಿದ್ರು. ಅಂಥೋನು ಬಗ್ಗಿ ಏಳ್ತಾವ್ನೆ. ಕೇಳ್ನಿಲ್ಲ ಅನ್ನಕ್ಕೆ ನಾಚ್ಕೆ ಆಯ್ತು.” ಮಂಡ್ಯ ಹತ್ತಿರವಾದಾಗ ಮೆಲ್ಲಗೆ ಅಂದರು, “ಅವ್ನೂ ಅಲ್ಲಿ ಗದ್ಲದಲ್ಲಿ ಇಂಗೇ ತಲೆ ಆಡ್ಸುದ್ನೋ ಏನೋ.”

ಮಾರನೆಯ ಬೆಳಿಗ್ಗೆಯೇ ನನ್ನನ್ನು ಕರೆದುಕೊಂಡು ಮಳವಳ್ಳಿಗೆ ಹೊರಟರು. ಜಗಲಿಯ ಮೇಲೆ ಕೂತಿದ್ದ ಮಾವ ಏಳಲಿಲ್ಲ.

“ಅವ್ನು ಏನಂದ್ನೋ ನಂಗೂ ಗೊತ್ತಾಗ್ನಿಲ್ಲ ಕಣ್ಲಾ. ನಿಂಗೂ ಗೊತ್ತಿಲ್ಲ.”

“ಗೊತ್ತಿಲ್ಲ ಅನ್ನಕ್ಕೆ ಇಷ್ಟು ದೂರ ಬಂದ್ಯಾ?”

“ಇನ್ನೇನು ಮಾಡ್ಲಿ? ಎದ್ದೇಳು, ಒಟ್ಟೆ ಅಸೀತಾದೆ.”

ಮಾವ ಪಂಚೆಯ ಚುಂಗಿನಲ್ಲಿ ಮುಖ ಒರೆಸಿಕೊಂಡು ಎದ್ದು, ಒಳಗಿದ್ದವರಿಗೆ ಮುದ್ದೆಗೆ ಎಸರಿಡಲು ಕೂಗಿ ಹೇಳಿದರು.

ಅತ್ತೆ ಹೋದ ವರ್ಷ ತೀರಿಕೊಂಡರು. ಆ ಮಸೂದೆ ಒಳ್ಳೆಯದೋ ಕೆಟ್ಟದ್ದೋ, ತನ್ನ ಓಟು ಸರಿಯೋ ತಪ್ಪೋ ಎಂಬುದು ಕೊನೆಯವರೆಗೂ ಅವರಿಗೆ ಬಗೆಹರಿಯಲಿಲ್ಲ. ನನಗೂ ಬಗೆಹರಿದಿಲ್ಲ.

ಈಚೆಗೆ ನಮ್ಮ ಕಾಲೇಜಿನ ಸಭೆಯಲ್ಲಿ ತರಗತಿಗಳನ್ನು ಸಂಜೆ ತಡವಾಗಿ ಬಿಡುವ ಮಾತು ಬಂತು. ಹಾಗಾದರೆ ಬಸರಾಳು ಕಡೆಯ ಹುಡುಗಿಯರಿಗೆ ಬಸ್ಸು ತಪ್ಪುತ್ತದೆ. “ಎಲ್ಲರ ಒಪ್ಪಿಗೆ ಇದೆಯಲ್ಲ?” ಎಂದರು ಪ್ರಾಂಶುಪಾಲರು. ಕೋಣೆಯೆಲ್ಲ ಹೂಂ ಎಂದಿತು. ನಾನು ಎದ್ದು ನಿಂತು, “ನನ್ನದು ಒಪ್ಪಿಗೆ ಇಲ್ಲ ಸರ್, ಹೆಸರು ಹಾಕಿ ಬರೆದುಕೊಳ್ಳಿ” ಎಂದೆ. ಹೊಸ ವೇಳಾಪಟ್ಟಿ ಜಾರಿಗೆ ಬಂದೇ ಬಂತು. ನಾನು ಮಾಡಿದ್ದರಿಂದ ಯಾರಿಗೆ ಏನು ಉಪಯೋಗವಾಯಿತೋ ತಿಳಿಯದು. ಆದರೆ ಆ ಹುಡುಗಿಯರ ತಾಯಂದಿರಲ್ಲಿ ಯಾರಾದರೂ ನಾಳೆ ಬಂದು ನನ್ನ ಕೈ ಹಿಡಿದು ಕೇಳಿದರೆ, ಹೇಳಲು ನನ್ನ ಬಳಿ ಉತ್ತರವಿದೆ. ಅದು ಅತ್ತೆ ಕೊಟ್ಟದ್ದು.